ದಾಂಚೋ ಮಾಮನ ಬೀಗದಕೈ ಹಲಗೆ

ರೂಟರ್‌ನ ಪುಟ್ಟ ಹಸಿರು ದೀಪ ಯಾಕೆ ಮಿನುಗುತ್ತಿದೆ? ಈ ಚಿಂತೆ ರಾಲಿತ್ಸಾಳ ತಲೆ ಹೊಕ್ಕಿದ್ದು ಗುರುವಾರ ಮಧ್ಯಾಹ್ನ ನಾಲ್ಕೂ ಹತ್ತಕ್ಕೆ. ಹೊಕ್ಕಿದ್ದೇ ಅಲ್ಲಿ ಬಿಡಾರ ಹೂಡಿ, ಹಾಸಿಗೆ ಬಿಚ್ಚಿ, ಕಾಲು ಚಾಚಿಕೊಂಡಿತು. ಟೀವಿ ಆರಿತ್ತು. ಫೋನು ಚಾರ್ಜು ಮುಗಿದು ಸತ್ತು ಬಿದ್ದಿತ್ತು. ತೊಟ್ಟಿಲ ಮೇಲಿನ ಕ್ಯಾಮೆರಾವನ್ನು ಒರೆಸೋಣವೆಂದು ಅವಳೇ ಕಳಚಿಟ್ಟಿದ್ದಳು. ಗೋಡೆಯಾಚೆ ಕೂತು ಇವರ ಇಂಟರ್ನೆಟ್ಟಿನಲ್ಲೇ ಧಾರಾವಾಹಿ ನೋಡುವ ತೋದೋರ್ಕಾ ಅಜ್ಜಿ ಮಾರುಕಟ್ಟೆಗೆ ಹೋಗಿದ್ದಳು. ಆದರೂ ದೀಪ ಮಾತ್ರ, ಯಾರೋ ಒಳಗೆ ಕೂತು ಅವಸರದಲ್ಲಿ ಪೆಟ್ಟಿಗೆ ತಡಕುತ್ತಿರುವ ಹಾಗೆ, ಪಟಪಟ ಕಣ್ಣು ಹೊಡೆಯುತ್ತಿತ್ತು.

ಚಿಂತೆ ಮಾಡುವುದರಲ್ಲಿ ರಾಲಿತ್ಸಾ ಪಳಗಿದ ಕೈ. ಒಲೆ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಮಹಡಿ ಇಳಿದವಳು ಮತ್ತೆ ನಾಲ್ಕು ಮಹಡಿ ಹತ್ತಿ ನೋಡುವವಳು. ಹತ್ತು ತಿಂಗಳ ಮಗಳು ಕಾಲಿನಾ ಸೀನಿದರೆ ಒಂದು ಚಿಂತೆ, ಇಡೀ ದಿನ ಸೀನದಿದ್ದರೆ ಇನ್ನೊಂದು. ರಾಜಧಾನಿ ಸೋಫಿಯಾದ ಕಾಲೇಜಿನಲ್ಲಿ ಓದಿ, ಮದುವೆಯಾಗಿ ರೂಸೆ ಪಟ್ಟಣಕ್ಕೆ ಬಂದು, ದ್ರೂಜ್ಬಾ ಬಡಾವಣೆಯ ಇಪ್ಪತ್ತೇಳನೇ ಬ್ಲಾಕಿನಲ್ಲಿ ಸಂಸಾರ ಹೂಡಿದ್ದಳು. ಗಂಡ ಪ್ಲಾಮೆನ್ ಲಾರಿ ಓಡಿಸುತ್ತ ತಿಂಗಳಲ್ಲಿ ಮೂರು ವಾರ ಹೊರದೇಶದ ಹೆದ್ದಾರಿಗಳಲ್ಲೇ ಇರುತ್ತಿದ್ದ. ಮಗಳು ಕೂರುವುದು, ತೆವಳುವುದು, ಈಗ ಕುರ್ಚಿ ಹಿಡಿದು ನಿಲ್ಲುವುದು, ಎಲ್ಲವನ್ನೂ ಅವನು ಕಂಡಿದ್ದು ಆ ತೊಟ್ಟಿಲ ಕ್ಯಾಮೆರಾದಲ್ಲೇ.

“ಅದು ಮಿನುಗೋದಕ್ಕೇ ಇರೋದು ಕಣೇ,” ಎಂದ ಅವನು, ಫೋನು ಚಾರ್ಜಿಗೆ ಹಾಕಿ ಅವಳು ಕರೆ ಮಾಡಿದಾಗ, ಆಸ್ಟ್ರಿಯಾದ ಯಾವುದೋ ಪೆಟ್ರೋಲ್ ಬಂಕಿನಿಂದ. “ಮಿನುಗದಿದ್ರೆ ಸತ್ತೋಯ್ತು ಅಂತ ಫೋನ್ ಮಾಡ್ತಿದ್ದೆ.”

“ಯಾರೂ ಬಳಸ್ತಿರ್ಲಿಲ್ಲ ಅಂತಿದೀನಲ್ಲ, ಪ್ಲಾಮೆನ್!”

“ಹಾಗಾದ್ರೆ ವೈರ್ ಕಿತ್ತು ಹಾಕು, ಆರಾಮಾಗಿರು.”

ಕಿತ್ತಳು. ಆರಾಮು ಹತ್ತು ನಿಮಿಷ ಬಾಳಿತು. ಬಾಗಿಲು ದಬದಬ ಬಡಿಯಿತು. ತೋದೋರ್ಕಾ ಅಜ್ಜಿ, ಮನೆಯ ಚಪ್ಪಲಿಯಲ್ಲೇ, ಕೈಯಲ್ಲಿ ಈರುಳ್ಳಿ ಸೊಪ್ಪಿನ ಕಟ್ಟು ಹಿಡಿದುಕೊಂಡೇ ನಿಂತಿದ್ದಳು.

“ಏನೇ ಇದು ಅನ್ಯಾಯ? ಆ ತುರ್ಕಿ ಹುಡುಗ ಈಗ ತಾನೆ ಅತ್ತೆ ಎದುರು ಬಾಯಿ ತೆರೆದಿದ್ದ. ಬಾಯಿ ತೆರೆದಹಾಗೇ ನಿಂತುಬಿಟ್ಟಿದಾನೆ! ಪಾಪ, ನೊಣ ಹೋದೀತು, ಹಾಕೇ ಬೇಗ!”

ರಾಲಿತ್ಸಾ ಮತ್ತೆ ವೈರು ಸಿಕ್ಕಿಸಿದಳು. ದೀಪ ಮತ್ತೆ ಕಣ್ಣು ಹೊಡೆಯಿತು.

ಶುಕ್ರವಾರ ಕಾಲಿನಾ ಮಲಗಿದ ಹೊತ್ತಿನಲ್ಲಿ ತಾಯಂದಿರ ಗುಂಪಿನಲ್ಲಿ ಯಾರೋ ಬರೆದಿದ್ದು ಅವಳ ಕಣ್ಣಿಗೆ ಬಿತ್ತು. ಎಷ್ಟೋ ರೂಟರ್‌ಗಳಲ್ಲಿ ಮನೆಯವರ ಖಾತೆಯಲ್ಲದೆ ಇನ್ನೊಂದು ಗುಪ್ತ ಖಾತೆ ಇರುತ್ತದೆ. ತಯಾರಿಸಿದವರದೋ, ಅಳವಡಿಸಿದವರದೋ, ಯಾರದೆಂದು ಹೇಳುವವರಿಲ್ಲ. ಪರದೆಯ ಮೇಲೆ ಅದು ಕಾಣುವುದೇ ಇಲ್ಲ. ಮನೆಯವರು ತಮ್ಮ ಪಾಸ್‌ವರ್ಡನ್ನು ದಿನಕ್ಕೆ ಮೂರು ಸಲ ಬದಲಿಸಿದರೂ ಅದು ತನ್ನ ಪಾಡಿಗೆ ಹಿತ್ತಲ ಬಾಗಿಲು ತೆರೆದುಕೊಂಡು ಕೂತಿರುತ್ತದೆ. ನೋಡಬೇಕಾದರೆ ರೂಟರ್‌ನ ಸೆಟ್ಟಿಂಗುಗಳ ಪ್ರತಿಯನ್ನು ಇಳಿಸಿಕೊಂಡು ಅದರೊಳಗೆ ಹುಡುಕಬೇಕು.

ರಾಲಿತ್ಸಾ ಇಳಿಸಿಕೊಂಡಳು. ಅರ್ಥವಾಗದ ಅಕ್ಷರಗಳ ಕಾಡಿನಲ್ಲಿ ಬೆರಳಿಟ್ಟುಕೊಂಡು ಓದುತ್ತ ಹೋದಳು. ಮೊದಲು ತನ್ನ ಖಾತೆ ಸಿಕ್ಕಿತು. ಅದರ ಕೆಳಗೆ ಇನ್ನೊಂದು. ಹೆಸರು: ಮಿಂಕಾ. ಪಾಸ್‌ವರ್ಡ್ ಇರಬೇಕಾದಲ್ಲಿ ಬರೀ ಚುಕ್ಕಿಗಳು. ಕೊನೆಯ ಸಲ ಒಳಗೆ ಬಂದಿದ್ದು: ಗುರುವಾರ, ನಾಲ್ಕೂ ಹತ್ತು. ಅದೂ ಮನೆಯ ಹೊರಗಿನಿಂದ.

ಆ ಬ್ಲಾಕಿನಲ್ಲಿ ಮಿಂಕಾ ಎಂಬ ಹೆಸರಿನವಳು ಇದ್ದದ್ದು ಒಬ್ಬಳೇ, ಕೆಳಗಿನ ಮನೆಯ ಮಿಂಕಾ ಅಜ್ಜಿ. ಅವಳು ಸತ್ತು ಮೂರು ವಾರವಾಗಿತ್ತು.

ತಡೆಯಲಾರದೆ ತೋದೋರ್ಕಾ ಅಜ್ಜಿಯ ಹತ್ತಿರ ಅರ್ಧ ಮಾತು ಬಾಯಿಬಿಟ್ಟಳು. “ಅಜ್ಜೀ, ಸತ್ತುಹೋದೋರ ಹೆಸರು ನಮ್ಮನೆ ಡಬ್ಬೀಲಿ ಕಾಣಿಸ್ತಿದೆ.”

ಅಜ್ಜಿ ಹುಬ್ಬು ಕೂಡ ಏರಿಸಲಿಲ್ಲ. “ಮಿಂಕಾನಾ? ಅದರಲ್ಲೇನಿದೆ? ನಲವತ್ತು ದಿನ ಆತ್ಮ ಮನೆಮನೆ ಸುತ್ತತ್ತೆ. ಬದುಕಿದ್ದಾಗಲೇ ಕರೀದೆ ಬರೋಳು, ಈಗ ಕೇಳ್ಬೇಕಾ? ಒಂದು ಲೋಟ ನೀರಿಟ್ಟು ಮಲಕ್ಕೋ.”

ಕಾಲೇಜು ಓದಿದ ರಾಲಿತ್ಸಾ ಆತ್ಮವನ್ನು ನಂಬುವವಳಲ್ಲ. ಆದರೂ ರೂಟರ್ ಪಕ್ಕ ಒಂದು ಲೋಟ ನೀರು ಇಟ್ಟಳು. ಚೆಲ್ಲಿ ಶಾರ್ಟ್ ಆದೀತೆಂದು ಹೆದರಿ, ಆಮೇಲೆ ತಾನೇ ಕುಡಿದಳು. ಕುಡಿದ ಮೇಲೆ ತಲೆ ಸ್ವಲ್ಪ ತಿಳಿಯಾಯಿತು. ಆ ಡಬ್ಬಿಯನ್ನು ಗೋಡೆಗೆ ಹೊಡೆದವನು ಮಿಂಕಾ ಅಜ್ಜಿಯ ಮಗ ದಾಂಚೋ ಅಲ್ಲವೇ?

ದಾಂಚೋ ಮಾಮ ಗೊತ್ತಿಲ್ಲದವರು ಆ ಬಡಾವಣೆಯಲ್ಲಿ ಯಾರೂ ಇಲ್ಲ. ಹಡಗು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಕಾರ್ಖಾನೆ ಮುಚ್ಚಿ ಎಲ್ಲರೂ ದಿಕ್ಕಾಪಾಲಾದಾಗ ಅವನು ಎಲ್ಲಿಗೂ ಹೋಗಲಿಲ್ಲ. ಬ್ಲಾಕಿನ ನೆಲಮಾಳಿಗೆಯ ಕಿಟಕಿಯನ್ನೇ ಅಂಗಡಿ ಮಾಡಿಕೊಂಡು ಬೀಗದಕೈ ಕೊರೆಯಲು ಕೂತ. ಕಿಟಕಿ ನೆಲಕ್ಕೆ ಮೊಣಕಾಲೆತ್ತರದಲ್ಲಿತ್ತು. ಗಿರಾಕಿಗಳು ಕುಕ್ಕರುಗಾಲಲ್ಲಿ ಕೂತು ಬಗ್ಗಿ ಮಾತಾಡಬೇಕು. ಬ್ಯಾಂಕಿನ ಮ್ಯಾನೇಜರನೂ ಅಲ್ಲಿ ಕುಕ್ಕರಿಸಬೇಕು, ಬಸುರಿಯೂ ಕುಕ್ಕರಿಸಬೇಕು. “ನನ್ನ ಮುಂದೆ ಮಂಡಿ ಊರದೋರು ಈ ಊರಲ್ಲಿ ಯಾರಿದಾರೆ ಹೇಳಿ,” ಎಂದು ಅವನು ಒಳಗಿನಿಂದ ನಗುತ್ತಿದ್ದ. ಪಕ್ಕದಲ್ಲಿ ಮಿಂಕಾ ಅಜ್ಜಿ ಕಾಲುಚೀಲ ಹೆಣೆಯುತ್ತ ಕೂತಿರುತ್ತಿದ್ದಳು. ಹೆಣಿಗೆಯ ಕಡ್ಡಿಗಳಿಗಿಂತ ಅವಳ ನಾಲಿಗೆ ಚುರುಕು.

ಅವರ ಬೆನ್ನ ಹಿಂದೆ ಗೋಡೆಗೆ ಒಂದು ಹಲಗೆ. ಹಲಗೆಯ ತುಂಬ ಮೊಳೆಗಳು, ಮೊಳೆಗೊಂದು ನಂಬರು, ನಂಬರಿಗೊಂದು ಬೀಗದಕೈ. ಬಾಗಿಲು ಮುಚ್ಚಿಕೊಂಡು ಹೊರಗೆ ಸಿಕ್ಕಿಬೀಳುವವರು ಹೆಚ್ಚಾದಂತೆ ಜನ ತಾವಾಗಿಯೇ ಒಂದೊಂದು ಬೀಗದಕೈ ಮಾಡಿಸಿ ಅಲ್ಲೇ ಬಿಟ್ಟುಹೋಗುತ್ತಿದ್ದರು. ಯಾವ ಮೊಳೆ ಯಾರದೆಂಬುದು ಎಲ್ಲೂ ಬರೆದಿರಲಿಲ್ಲ. ಅದು ಇದ್ದದ್ದು ತಾಯಿ ಮಗನ ತಲೆಯಲ್ಲಿ. ಇಪ್ಪತ್ತು ವರ್ಷದಲ್ಲಿ ಒಂದು ಚಮಚವೂ ಯಾರ ಮನೆಯಿಂದಲೂ ಕಾಣೆಯಾಗಿರಲಿಲ್ಲ.

ಇಂಟರ್ನೆಟ್ ಬಂದಾಗ ಮಾಳಿಗೆಯಿಂದ ಮಾಳಿಗೆಗೆ, ಬಟ್ಟೆ ಒಣಗಿಸುವ ಹಗ್ಗದಂತೆ ತಂತಿ ಎಳೆದವನೂ ಅವನೇ. ಆಮೇಲೆ ಕಂಪನಿಯವರು ಬಂದು ಆ ತಂತಿಗಳನ್ನೆಲ್ಲ ಕತ್ತರಿಸಿ, ಮನೆಮನೆಗೆ ಡಬ್ಬಿ ಕೂರಿಸುವ ಕೆಲಸವನ್ನು ಅವನಿಗೇ ವಹಿಸಿದರು. ಆರು ಬ್ಲಾಕುಗಳು, ಇನ್ನೂರ ಹದಿನಾಲ್ಕು ಮನೆಗಳು. “ದಾಂಚೋ, ಇಂಟರ್ನೆಟ್ ಸತ್ತೋಗಿದೆ!” ಎಂದು ಯಾರಾದರೂ ಫೋನ್ ಮಾಡಿದರೆ, “ಎರಡು ನಿಮಿಷ ತಾಳಿ, ಹಾಗೇ ಡಬ್ಬಿ ಮುಂದೆ ನಿಂತಿರಿ,” ಅನ್ನುತ್ತಿದ್ದ. ಎರಡು ನಿಮಿಷಕ್ಕೆ ಸರಿಯಾಗಿ ಜೀವ ಬರುತ್ತಿತ್ತು. ಅವನು ಮನೆಯಿಂದ ಕದಲದೆಯೇ! ಅವನ ಕೈಗುಣ ಅಂಥದ್ದು ಎಂದು ಮುದುಕಿಯರು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದರು.

ಆ ಕೈಗುಣ ಬರುತ್ತಿದ್ದುದು ಮಿಂಕಾ ಹೆಸರಿನ ಆ ಹಿತ್ತಲ ಬಾಗಿಲಿಂದಲೇ ಎಂದು ಶುಕ್ರವಾರ ಸಂಜೆ ಆರು ಗಂಟೆಗೆ, ಬ್ಲಾಕಿನ ಮುಂಬಾಗಿಲಲ್ಲಿ, ಕಾಲಿನಾಳ ಗಾಡಿ ಹಿಡಿದುಕೊಂಡು ನಿಂತಾಗ, ರಾಲಿತ್ಸಾಳಿಗೆ ಹೊಳೆಯಿತು. ಬಾಗಿಲ ಗಾಜಿಗೆ ಅಂಟಿಸಿದ್ದ ಸಾವಿನ ಚೀಟಿಯನ್ನು ಅವಳು ಮೂರು ವಾರದಿಂದ ದಿನಾ ನೋಡುತ್ತಿದ್ದಳು, ಓದಿರಲಿಲ್ಲ. ಕಪ್ಪು ಅಂಚು, ಮೂಲೆಯಲ್ಲಿ ಶಿಲುಬೆ, ತಲೆಗೆ ವಸ್ತ್ರ ಕಟ್ಟಿದ ಮಿಂಕಾ ಅಜ್ಜಿಯ ಫೋಟೋ. ಕೆಳಗೆ ದಪ್ಪಕ್ಷರದಲ್ಲಿ ಹೆಸರು. ಹೆಸರಿನ ಕೆಳಗೆ: 1941–2019.

ಗಾಡಿ ತಿರುಗಿಸಿ ಮನೆಗೆ ಓಡಿದಳು. ಖಾತೆಯ ಹೆಸರು, ಮಿಂಕಾ. ಪಾಸ್‌ವರ್ಡ್, ಮಿಂಕಾ. ಬಾಗಿಲು ತೆರೆಯಲಿಲ್ಲ. ಮಿಂಕಾ ಪಕ್ಕದಲ್ಲಿ 1941 ಸೇರಿಸಿದಳು. ತೆರೆಯಿತು. ತನ್ನ ಮನೆಯ ಒಂದೊಂದು ವಸ್ತುವೂ ಅಲ್ಲಿ ಸಾಲಾಗಿ ಕೂತಿತ್ತು: ತನ್ನ ಫೋನು, ತೋದೋರ್ಕಾ ಅಜ್ಜಿಯ ಟೀವಿ, ತೊಟ್ಟಿಲ ಕ್ಯಾಮೆರಾ. ಕ್ಯಾಮೆರಾದ ಮುಂದೆ ಒಂದು ಪುಟ್ಟ ಕಣ್ಣಿನ ಗುರುತು. ಕ್ಯಾಮೆರಾ ಕಳಚಿಡದಿದ್ದರೆ, ಒತ್ತಿದೊಡನೆ ಕಾಣುತ್ತಿದ್ದುದು ಕಾಲಿನಾಳ ಹಾಸಿಗೆ.

ಪಕ್ಕದ ಬ್ಲಾಕಿನ ಗೆಳತಿಗೆ ಫೋನ್ ಮಾಡಿ, ನಿನ್ನ ಡಬ್ಬಿಗೂ ಇದೇ ಹೆಸರು, ಇದೇ ಪಾಸ್‌ವರ್ಡ್ ಹಾಕಿ ನೋಡು ಎಂದಳು. “ಅಯ್ಯೋ, ತೆಗೀತು ಕಣೇ! ಯಾರೇ ಈ ಮಿಂಕಾ?” ಎಂದಳು ಗೆಳತಿ.

ಅಂದರೆ ಇನ್ನೂರ ಹದಿನಾಲ್ಕು ಮನೆಗಳ ಬೀಗದಕೈ ಈಗ ಆರು ಬ್ಲಾಕುಗಳ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ದೀಪದ ಕಂಬಗಳ ಮೇಲೆ, ಬೇಕರಿಯ ಗೋಡೆಗೆ, ಫೋಟೋ ಸಮೇತ ಅಂಟಿಕೊಂಡಿತ್ತು. ಓದಲು ಬರುವ ಯಾರಾದರೂ ಸಾಕು, ಕಾಲಿನಾ ಮಲಗುವುದನ್ನು ನೋಡಬಹುದು.

ಆ ಗುಪ್ತ ಖಾತೆಯನ್ನು ಅಳಿಸಲು ಅವಳ ಖಾತೆಯಲ್ಲಿ ಗುಂಡಿಯೇ ಇರಲಿಲ್ಲ. ಮಿಂಕಾಳ ಖಾತೆಯೊಳಗೆ ಹೋದರೆ ಅದನ್ನು ಅಳಿಸಲು ಇನ್ನೊಂದು ಗುಟ್ಟಿನ ಸಂಖ್ಯೆ ಕೇಳುತ್ತಿತ್ತು. ದಾಂಚೋ ಒಬ್ಬನೇ ದಾರಿ. ಆದರೆ ದಾಂಚೋನ ಕಿಟಕಿಗೆ ಕಪ್ಪು ಪಟ್ಟಿ ಕಟ್ಟಿತ್ತು, ‘ನಲವತ್ತು ದಿನ ಅಂಗಡಿ ಇಲ್ಲ’ ಎಂದು ಕೈಯಲ್ಲಿ ಬರೆದ ಹಾಳೆ ತೂಗುತ್ತಿತ್ತು. ತಾಯಿ ಸತ್ತ ಮನೆಗೆ ಫೋನ್ ಮಾಡಿ ಏನೆನ್ನುವುದು? ‘ನಿಮ್ಮಮ್ಮನ ಸಾವಿನ ಚೀಟಿ ತೆಗೀರಿ, ನಮಗೆ ತೊಂದರೆಯಾಗ್ತಿದೆ’ ಎನ್ನುವುದೇ? ಅದಕ್ಕಿಂತ ದೊಡ್ಡ ಅನುಮಾನವೊಂದು ಅದರ ಹಿಂದೆ ಕುಕ್ಕರಿಸಿ ಕೂತಿತ್ತು. ಗುರುವಾರ ನಾಲ್ಕೂ ಹತ್ತಕ್ಕೆ ನಮ್ಮ ಮನೆಯೊಳಗೆ ಬಂದಿದ್ದು ದಾಂಚೋ ಮಾಮನೇ ಆಗಿದ್ದರೆ, ಯಾಕೆ? ಅಂದು ಯಾರೂ ಇಂಟರ್ನೆಟ್ ಸತ್ತಿದೆ ಎಂದು ಕರೆದಿರಲಿಲ್ಲವಲ್ಲ!

ಶನಿವಾರ ಬೆಳಿಗ್ಗೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಹೆಸರು ಹಾಗೇ ಇರಲಿ, ಫೋಟೋ ಇರಲಿ, ಹುಟ್ಟಿದ ವರ್ಷವೊಂದು ಕಾಣದಿದ್ದರೆ ಸಾಕು. ಮನೆಯಲ್ಲಿ ಸಿಕ್ಕಿದ್ದು ತಿಳಿಗುಲಾಬಿ ಉಗುರುಬಣ್ಣ. ಗಾಡಿಯಲ್ಲಿ ಕಾಲಿನಾಳನ್ನು ಕೂರಿಸಿಕೊಂಡು ಹೊರಟಳು. ಮುಂಬಾಗಿಲ ಚೀಟಿ, ಮೂರು ದೀಪದ ಕಂಬ, ಬೇಕರಿಯ ಗೋಡೆ, ಔಷಧದಂಗಡಿ. ಒಂದೊಂದು ಕಡೆಯೂ ಅಗಲಿಹೋದ ಆತ್ಮಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಎರಡೇ ಗೀರು ಎಳೆದು ಮುಂದೆ ಸಾಗಿದಳು. ಗಾಡಿಯಲ್ಲಿ ಕಾಲಿನಾ, ಮಾರ್ಚ್ ಬಂತೆಂದು ಮಣಿಕಟ್ಟಿಗೆ ಕಟ್ಟಿದ್ದ ಕೆಂಪು-ಬಿಳಿ ದಾರ ಜಗಿಯುತ್ತ ತಾಯಿಯ ಕಲೆಯನ್ನು ಮೆಚ್ಚಿಕೊಂಡು ಕೂತಿದ್ದಳು. ಏಳನೆಯ ಚೀಟಿ ಬಸ್ ನಿಲ್ದಾಣದ್ದು. ಕುಂಚ ಕಾಗದಕ್ಕೆ ತಾಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಏನ್ ಮಾಡ್ತಿದೀಯೇ ರಾಲಿತ್ಸಾ?”

ತೋದೋರ್ಕಾ ಅಜ್ಜಿ. ಜೊತೆಗೆ, ಹಣೆಬರಹ ನೋಡಿ, ಇನ್ನಿಬ್ಬರು.

“ಏನಿಲ್ಲ ಅಜ್ಜೀ... ಸ್ವಲ್ಪ ಕೊಳೆ ಆಗಿತ್ತು...”

ಅಜ್ಜಿ ಕನ್ನಡಕ ಏರಿಸಿ ಚೀಟಿ ನೋಡಿದಳು, ಉಗುರುಬಣ್ಣದ ಸೀಸೆ ನೋಡಿದಳು. “ಅಯ್ಯೋ ನಿನ್ನ! ಸತ್ತೋಳ ವಯಸ್ಸು ಮುಚ್ತಿದೀಯಾ? ಬದುಕಿದ್ದಾಗ ಅವಳೇ ಮುಚ್ಚಿಟ್ಟಿದ್ದು ಸಾಲದೇ? ಹತ್ತು ವರ್ಷದಿಂದ ಕೇಳಿದಾಗಲೆಲ್ಲ ಅರವತ್ತೆಂಟು, ಅರವತ್ತೆಂಟು! ಡಾಕ್ಟ್ರಿಗೂ ಅದೇ, ಪಾದ್ರಿಗೂ ಅದೇ. ಹುಟ್ಟಿದ ವರ್ಷ ಮಗನ ಹೊರತು ಒಂದು ನರಪಿಳ್ಳೆಗೂ ಗೊತ್ತಿರ್ಲಿಲ್ಲ. ಈ ಚೀಟಿ ಬಂದ ಮೇಲೆ ತಾನೆ ನಮಗೂ ಲೆಕ್ಕ ಸಿಕ್ಕಿದ್ದು!”

ಅಲ್ಲಿಗೆ ರಾಲಿತ್ಸಾಳಿಗೆ ಉಳಿದರ್ಧವೂ ಅರ್ಥವಾಯಿತು. ಆ ಮನುಷ್ಯ ಪಾಸ್‌ವರ್ಡ್ ಇಡುವಾಗ ಬಡಾವಣೆಯಲ್ಲೇ ಅತಿ ಭದ್ರವಾಗಿದ್ದ ಗುಟ್ಟನ್ನು ಆರಿಸಿಕೊಂಡಿದ್ದ!

“ಅವಳೇ ಕನಸಲ್ಲಿ ಬಂದು ಹೇಳಿದ್ಲೇನೇ, ಮುಚ್ಚು ಅಂತ?” ಎಂದಳು ಇನ್ನೊಬ್ಬ ಮುದುಕಿ.

ನಿಜ ಹೇಳಿಬಿಡೋಣ ಎಂದು ರಾಲಿತ್ಸಾಳ ನಾಲಿಗೆ ತುದಿಗೆ ಬಂತು. ಆದರೆ ತೋದೋರ್ಕಾ ಅಜ್ಜಿಗೆ ಹೇಳುವುದೂ ಒಂದೇ, ಊರಿಗೆಲ್ಲ ಇನ್ನೂರು ಚೀಟಿ ಹೊಸದಾಗಿ ಅಂಟಿಸುವುದೂ ಒಂದೇ. ತುಟಿ ಕಚ್ಚಿಕೊಂಡು, ಕೆಂಪಾದ ಮುಖ ಹೊತ್ತು ಗಾಡಿ ತಳ್ಳಿಕೊಂಡು ಹೊರಟಳು. ಊರ ಬಾಯಿಗೆ ಮುಚ್ಚಳವೆಲ್ಲಿ? ಸತ್ತವಳ ಚೀಟಿಗೆ ಮೇಲಿನ ಮನೆಯ ಹೆಂಗಸೊಬ್ಬಳು ಉಗುರುಬಣ್ಣ ಹಚ್ಚಿದಳೆಂಬ ಸುದ್ದಿ ಸಂಜೆಯೊಳಗೆ ನೆಲಮಾಳಿಗೆಯ ಕಿಟಕಿ ತಲುಪುವುದು ಖಂಡಿತ. ಅದಕ್ಕೆ ಮೊದಲು ತಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಫೋನು ಎತ್ತಿದಳು, ಇಟ್ಟಳು. ಎತ್ತಿದಳು, ಕಾಲಿನಾಳ ಹಾಲು ಬಿಸಿ ಮಾಡುವುದು ನೆನಪಾಯಿತು. ಎತ್ತಿದಳು, ಬಿಸಿಯಾಗಿದೆಯೇ ನೋಡುವುದು ನೆನಪಾಯಿತು.

ಆ ರಾತ್ರಿ ಪ್ಲಾಮೆನ್ ಸಂದೇಶ ಕಳಿಸಿದ: ‘ಕ್ಯಾಮೆರಾ ಯಾಕೆ ಕತ್ತಲೆ? ಮೂರು ದಿನ ಆಯ್ತು ಮಗಳನ್ನ ನೋಡಿ.’ ಕಳಚಿಟ್ಟಿದ್ದ ಕ್ಯಾಮೆರಾವನ್ನು ಅವಳು ಇನ್ನೊಂದು ಸಲ ಒರೆಸಿ, ತೊಟ್ಟಿಲ ಪಕ್ಕ ಕೆಳಮುಖವಾಗಿ ಇಟ್ಟಳು.

ಮರುದಿನ ಉಪವಾಸ ಶುರುವಾಗುವ ಮುಂಚಿನ ಭಾನುವಾರ, ಕ್ಷಮೆ ಕೇಳುವ ದಿನ. ಬೆಳಗಿನಿಂದ ಮೆಟ್ಟಿಲ ಮೇಲೆ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ರೊಟ್ಟಿಯ ಘಮ. ಕಿರಿಯರು ಹಿರಿಯರ ಮನೆಗೆ ಹೋಗಿ, ಹೋಗಲಾರದವರು ಫೋನ್ ಮಾಡಿ, ‘ಕ್ಷಮಿಸಿ’ ಎನ್ನುವ ದಿನ. ತೋದೋರ್ಕಾ ಅಜ್ಜಿ ಬಂದು, ಕೆಂಪು ದಾರಕ್ಕೆ ಹಲ್ವಾದ ತುಂಡು ಕಟ್ಟಿ ಕಾಲಿನಾಳ ಮೂಗಿನ ಮುಂದೆ ತೂಗಾಡಿಸತೊಡಗಿದಳು. ಅದು ಆ ದಿನದ ಆಟ, ಕೈ ಮುಟ್ಟಿಸದೆ ಬಾಯಲ್ಲೇ ಹಿಡಿಯಬೇಕು. ಕಾಲಿನಾ ಎರಡೂ ಕೈಯಲ್ಲಿ ಹಿಡಿದು ದಾರ ಸಮೇತ ಬಾಯಿಗಿಟ್ಟಳು.

“ಕಳ್ಳಿ!” ಎಂದು ಅಜ್ಜಿ ಅವಳ ಕೆನ್ನೆ ಹಿಂಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. “ನೀನು ದಾಂಚೋಗೆ ಫೋನ್ ಮಾಡಿದ್ಯಾ ಇಲ್ವಾ? ಇವತ್ತು ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ ಅವನು. ನಾಳೆ ಕೇಳಿದ್ರೆ ಬೈತಾನೆ. ಯೋಚನೆ ಮಾಡು.”

ರಾಲಿತ್ಸಾ ಮಗುವನ್ನು ಅಜ್ಜಿಯ ತೊಡೆಗೆ ಹಾಕಿ, ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿ, ನಂಬರು ಒತ್ತಿದಳು.

“ಮಾಮ... ಕ್ಷಮಿಸಿ.”

“ಕ್ಷಮೆ ಇದೆ ಮಗಳೇ. ನೀನೂ ಕ್ಷಮಿಸು.” ಹಾಗೇ ಮುಂದುವರಿಸಿ, “ಉಗುರುಬಣ್ಣದೋಳು ನೀನೇ ತಾನೆ?”

“ನಾನೇ ಮಾಮ.”

“ಬೆಳಗ್ಗೆ ಹೋಗಿ ನೋಡಿದೆ. ಬಣ್ಣ ಚೆನ್ನಾಗಿದೆ. ಅಮ್ಮಂಗೆ ಹಿಡಿಸ್ತಿತ್ತು.”

ಆ ಮಾತಿಗೂ ರಾಲಿತ್ಸಾಳ ಚಿಂತೆ ಕರಗಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದಳು. ದೀಪ, ಗುಪ್ತ ಖಾತೆ, ಹೆಸರು, ವರ್ಷ, ಬಾಗಿಲ ಮೇಲಿನ ಚೀಟಿ, ಕ್ಯಾಮೆರಾದ ಕಣ್ಣು. ಆ ಕಡೆಯಿಂದ ಏನೋ ಬಿಕ್ಕಿದ ಹಾಗೆ ಕೇಳಿತು. ಅಳುತ್ತಿದ್ದಾನೆ ಎಂದುಕೊಂಡಳು. ನಗುತ್ತಿದ್ದ.

“ನಾನೇ ಅಚ್ಚು ಹಾಕಿಸಿದ್ದು, ಮಗಳೇ. ನೂರು ಪ್ರತಿ. ವರ್ಷ ದಪ್ಪಕ್ಷರದಲ್ಲಿ ಹಾಕು ಅಂತಾನೂ ನಾನೇ ಹೇಳಿದೆ. ಬಕೆಟ್ ತುಂಬ ಗೋಂದು ಕಲಸಿಕೊಂಡು ಆರು ಬ್ಲಾಕಿಗೂ ನಾನೇ ಅಂಟಿಸಿದೆ! ಇಪ್ಪತ್ತು ವರ್ಷ ಬೀಗದ ಕೆಲಸ ಮಾಡಿದೋನು!” ನಗು ಎಲ್ಲೋ ಮಧ್ಯದಲ್ಲಿ ಮುರಿಯಿತು. “ಎಂಟನೇ ಮಹಡಿ ಮುದುಕರಿಗೆಲ್ಲ ಡಬ್ಬಿ ಆರಿಸಿ ಹಚ್ಚೋಕೂ ಬರಲ್ಲ. ನನಗೆ ಮಂಡಿ ನೋವು, ಲಿಫ್ಟ್ ಯಾವತ್ತೂ ಕೆಟ್ಟಿರತ್ತೆ. ಅದಕ್ಕೆ ಒಂದು ಬೀಗದಕೈ ನನ್ನ ಹತ್ರ ಇರ್ಲಿ ಅಂತ ಇಟ್ಕೊಂಡೆ.”

“ಗುರುವಾರ ನಾಲ್ಕೂ ಹತ್ತಕ್ಕೆ ನಮ್ಮನೇಲಿ ಏನ್ ಕೆಟ್ಟಿತ್ತು ಮಾಮ?”

“ಏನೂ ಕೆಟ್ಟಿರ್ಲಿಲ್ಲ. ನಾಲ್ಕು ಗಂಟೆಗೆ ಅಮ್ಮ ಕಾಫಿ ಮಾಡ್ತಿದ್ಲು. ಈಗ ಆ ಹೊತ್ತಿಗೆ ಕೈಗೆ ಕೆಲಸ ಇಲ್ಲ. ಕಂಪ್ಯೂಟರ್ ಮುಂದೆ ಕೂತು ಒಂದೊಂದು ಮನೆದು ತೆಗೀತೀನಿ. ಏನೂ ನೋಡಲ್ಲ, ದೇವರಾಣೆ. ಅವಳ ಹೆಸರು ಬರೀತೀನಿ, ಬಾಗಿಲು ತೆಗೆಯತ್ತೆ, ಮುಚ್ತೀನಿ. ದಿನಕ್ಕೆ ಇನ್ನೂರು ಸಲ ಬರೀಬಹುದಲ್ಲ.”

ರಾಲಿತ್ಸಾ ಹಾಸಿಗೆಯ ಅಂಚಿನಲ್ಲಿ ಕೂತಳು. ಅಲ್ಲಿಗೇ ಸುಮ್ಮನಾಗಿಬಿಡಬಹುದಿತ್ತು. ಕಾಲಿನಾ ಆ ಕಡೆ ಕಿಲಕಿಲ ನಗುವುದು ಕೇಳಿಸಿತು.

“ಮಾಮ, ಬಾಗಿಲ ಬೀಗದಕೈ ನಾವೇ ತಂದುಕೊಟ್ಟಿದ್ದು. ಅದಕ್ಕೆ ಹೆದರಿಕೆ ಇಲ್ಲ. ಇದನ್ನ ನೀವು ಕೇಳಲೇ ಇಲ್ಲ.”

ಆ ಕಡೆ ಕುರ್ಚಿ ಕಿರುಗುಟ್ಟಿತು.

“ಇಲ್ಲ, ಕೇಳ್ಲಿಲ್ಲ,” ಎಂದ ದಾಂಚೋ. “ಅದು ತಪ್ಪೇ. ತಾಳು, ಮೊದಲು ನಿಮ್ಮನೇದೇ ತೆಗೀತೀನಿ. ಹೂಂ, ಈಗ ನೋಡು.”

ದೀಪ ಆರಿತು, ಹತ್ತಿತು. ಅವಳು ಸೆಟ್ಟಿಂಗುಗಳ ಪ್ರತಿಯನ್ನು ಮತ್ತೆ ಇಳಿಸಿ ಬೆರಳಿಟ್ಟು ಹುಡುಕಿದಳು. ಒಂದೇ ಖಾತೆ, ಅವಳದು. ಮಿಂಕಾ ಹೋಗಿದ್ದಳು.

“ಹೋಯ್ತು ಮಾಮ.”

“ಇನ್ನು ಇನ್ನೂರ ಹದಿಮೂರು. ಈಗಲೇ ಎಲ್ಲ ಅಳಿಸ್ತೀನಿ. ಬೇಕು ಅಂದೋರ ಮನೆಗೆ ಮಾತ್ರ, ಕೇಳಿಕೊಂಡು, ಬೇರೆ ಬೇರೆ ಗುಟ್ಟು ಇಡ್ತೀನಿ. ಯಾರ ಹುಟ್ಟಿದ ವರ್ಷಾನೂ ಅಲ್ಲ.” ಅವನು ಕೆಮ್ಮಿದ. “ಮಗಳೇ, ಕೆಲಸ ಇಲ್ದಿದ್ರೆ ಫೋನ್ ಇಡಬೇಡ. ಅಮ್ಮನ ಹೆಸರು ಇಷ್ಟು ಸಲ ಒಬ್ಬನೇ ಕೂತು ಅಳಿಸೋಕೆ ಕೈ ಬರ್ತಿಲ್ಲ.”

ಅವಳು ಇಡಲಿಲ್ಲ. ಅವನು ಒಂದೊಂದು ಮನೆಯ ಹೆಸರು ಹೇಳುತ್ತ ಹೋದ. “ಬೇಕರಿ ಸ್ಟಾಮೆನ್... ಆಯ್ತು. ಆರನೇ ಮಹಡಿ ಜೋಡಿ ಅಕ್ಕತಂಗಿ... ಆಯ್ತು.” ಪ್ರತಿ ಮನೆಗೂ ಅವಳು “ಹೂಂ” ಅನ್ನುತ್ತಿದ್ದಳು. ನಡುನಡುವೆ, ಆ ಮನೆಯವರ ಬಗ್ಗೆ ಮಿಂಕಾ ಅಜ್ಜಿ ಏನೆಂದಿದ್ದಳೆಂಬುದೂ ಬರುತ್ತಿತ್ತು. ಅದರಲ್ಲಿ ಅರ್ಧ ಅಚ್ಚು ಹಾಕುವಂಥದ್ದಲ್ಲ. ರಾಲಿತ್ಸಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇನ್ನೊಂದು ಕೈಯಲ್ಲಿ ಕ್ಯಾಮೆರಾವನ್ನು ತೊಟ್ಟಿಲ ಮೇಲೆ ಸಿಕ್ಕಿಸಿದಳು.

ನಲವತ್ತನೆಯದೋ ನಲವತ್ತೊಂದನೆಯದೋ ಮನೆ ಮುಗಿದಾಗ ದಾಂಚೋ ಕೇಳಿದ: “ಅಂದಹಾಗೆ, ನಿಮ್ಮನೆ ಬಾಗಿಲಿನ ಬೀಗದಕೈ ಹದಿನೇಳನೇ ಮೊಳೇಲಿದೆ. ವಾಪಸ್ ಬೇಕಾ? ಬೇಕಾದ್ರೆ ಈಗಲೇ ತಂದುಕೊಡ್ತೀನಿ.”

ರಾಲಿತ್ಸಾ ಎಂದಿನಂತೆ ಎರಡು ಸಲ ಯೋಚಿಸಿದಳು. ಒಲೆ ನೆನಪಾಯಿತು, ಗಾಳಿಗೆ ತಾನೇ ಮುಚ್ಚಿಕೊಳ್ಳುವ ಬಾಗಿಲು ನೆನಪಾಯಿತು.

“ಬೇಡ ಮಾಮ,” ಅಂದಳು. “ಅದು ಅಲ್ಲೇ ಇರ್ಲಿ. ಹೂಂ, ಮುಂದಿನ ಮನೆ ಯಾರದು?”